ಸ್ಕೂಲಿನಲ್ಲಿ ಹೊಟ್ಟೆನೋವು, ಭಾನುವಾರ ಏನೂ ಇಲ್ಲ

ಪ್ರಶ್ನೆ: ಮಗಳಿಗೆ 7 ವರ್ಷ. ವ್ಯಾನ್ ಬರುವ ಮುಂಚೆ ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟದ ತುಂಬ ಹಾಲು ಕುಡಿದು ಹೋಗುತ್ತಾಳೆ. ಎರಡನೇ ಪೀರಿಯಡ್ ಹೊತ್ತಿಗೆ ಹೊಟ್ಟೆನೋವು ಅಂತ ಟೀಚರ್ ಫೋನ್ ಮಾಡುತ್ತಾರೆ. ಹೊಟ್ಟೆ ಉಬ್ಬಿರುತ್ತದೆ, ಒಮ್ಮೊಮ್ಮೆ ಭೇದಿಯೂ ಆಗುತ್ತದೆ. ಭಾನುವಾರ ದೋಸೆ ತಿಂದು ಅರ್ಧ ಲೋಟ ಕುಡಿದರೆ ಏನೂ ಆಗುವುದಿಲ್ಲ. ಸ್ಕೂಲ್ ತಪ್ಪಿಸೋಕೆ ನೆಪ ಅಂತ ನಮ್ಮೆಜಮಾನರು ಗದರುತ್ತಾರೆ. ಎ2 ಹಾಲಿಗೆ ಬದಲಾಯಿಸಿದರೂ ಅಷ್ಟೇ. ಮೊಸರನ್ನ ಮಾತ್ರ ಒಗ್ಗುತ್ತದೆ. ಹಾಲು ಪೂರ್ತಿ ನಿಲ್ಲಿಸಬೇಕಾ? ಮೂಳೆ ಗಟ್ಟಿಯಾಗೋದು ಹೇಗೆ ಅಂತ ಅತ್ತೆಗೆ ಚಿಂತೆ.
ಒಬ್ಬ ತಾಯಿ, ವಿಜಯನಗರ, ಬೆಂಗಳೂರು

ಉತ್ತರ: ಮೊದಲು ಗದರುವುದು ನಿಲ್ಲಲಿ. ನೀವು ಬರೆದಿರುವ ಭಾನುವಾರದ ವಿಷಯವೇ ಮಗಳ ಪರವಾಗಿದೆ. ಅವತ್ತು ಹಾಲು ಅರ್ಧ, ಹೊಟ್ಟೆಯಲ್ಲಿ ದೋಸೆಯೂ ಇದೆ. ತಿಂಡಿಯ ಜೊತೆ ಹೋದ ಹಾಲು ಕರುಳಿಗೆ ನಿಧಾನವಾಗಿ ಇಳಿಯುತ್ತದೆ, ಅಲ್ವಾ?

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ, 200 ಮಿ.ಲೀ. ಹಾಲಿಗೆ ಸುಮಾರು 10 ಗ್ರಾಂ. ಅದನ್ನು ಅರಗಿಸಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ನಮ್ಮ ಕಡೆ ತುಂಬ ಮಕ್ಕಳಲ್ಲಿ ಎದೆಹಾಲು ಬಿಟ್ಟ ಮೇಲೆ ವರ್ಷ ಕಳೆದಂತೆ ಇದು ಕಡಿಮೆಯಾಗುತ್ತಾ ಹೋಗುತ್ತದೆ. ಅರಗದ ಸಕ್ಕರೆ ದೊಡ್ಡ ಕರುಳಿಗೆ ಹೋದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ನೋವು ಶುರು. ನಿಮ್ಮ ಎರಡನೇ ಪೀರಿಯಡ್‌ಗೆ ಸರಿಯಾಗಿ ಹೊಂದುತ್ತದೆ. ಎ2 ಹಾಲಿನಲ್ಲಿ ಬೇರೆಯಿರುವುದು ಪ್ರೋಟೀನ್, ಲ್ಯಾಕ್ಟೋಸ್ ಮಾಮೂಲಿ ಹಾಲಿನಷ್ಟೇ ಇರುತ್ತದೆ. ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಮೊಸರಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾ ಸ್ವಲ್ಪ ಲ್ಯಾಕ್ಟೋಸನ್ನು ಆಗಲೇ ಮುಗಿಸಿರುತ್ತವೆ. ಅದಕ್ಕೇ ಅದು ಒಗ್ಗುತ್ತಿದೆ.

ಹಾಗಂತ ಇದು ಲ್ಯಾಕ್ಟೋಸ್ ಅರಗದ ತೊಂದರೆಯೇ ಅಂತ ಪತ್ರ ಓದಿ ತೀರ್ಮಾನಿಸಲಾರೆ. ಮಲಬದ್ಧತೆಯಿಂದಲೂ ಮಕ್ಕಳಿಗೆ ಹೊಟ್ಟೆ ನೋಯುತ್ತದೆ. ಎರಡು ವಾರ ಹಾಲು, ಐಸ್‌ಕ್ರೀಮ್, ಪೇಡ, ಹಾಲು ಹಾಕಿದ ಪಾಯಸ ನಿಲ್ಲಿಸಿ. ಮೊಸರು ಇರಲಿ. ಏನು ತಿಂದಳು, ಎಷ್ಟು ಹೊತ್ತಿಗೆ ನೋವು ಬಂತು, ಕಕ್ಕಸು ಹೇಗಿತ್ತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಮೇಲೆ ಒಂದು ರಜೆಯ ದಿನ ಮೊದಲಿನ ಹಾಗೆ ಖಾಲಿ ಹೊಟ್ಟೆಗೆ ಒಂದು ಲೋಟ ಹಾಲು ಕೊಟ್ಟು ನೋಡಿ. ನಿಲ್ಲಿಸಿದಾಗ ಹೋದ ನೋವು ಮತ್ತೆ ಬಂದರೆ ಅನುಮಾನ ಗಟ್ಟಿಯಾಯಿತು. ಇನ್ನೂ ಖಚಿತವಾಗಬೇಕೆಂದರೆ ಉಸಿರಿನಲ್ಲಿ ಹೈಡ್ರೋಜನ್ ಅಳೆಯುವ ಪರೀಕ್ಷೆ ಇದೆ.

ಆಗಲೂ ಹಾಲು ಪೂರ್ತಿ ಬಿಡಿಸಬೇಕಾಗಿಲ್ಲ. ತಿಂಡಿಯ ಜೊತೆ ಕಾಲು ಲೋಟದಿಂದ ಶುರು ಮಾಡಿ ಎಷ್ಟು ಒಗ್ಗುತ್ತದೆ ನೋಡಿ. ಲ್ಯಾಕ್ಟೋಸ್ ತೆಗೆದ ಹಾಲೂ ಸಿಗುತ್ತದೆ. ಅತ್ತೆಯವರಿಗೆ ಹೇಳಿ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ರಾಗಿ ರೊಟ್ಟಿ, ಎಳ್ಳುಂಡೆ, ನುಗ್ಗೆಸೊಪ್ಪು, ಜೊತೆಗೆ ಮೊಸರು ಇದ್ದರೆ ಗಾಬರಿ ಬೇಡ.

ಇತ್ತೀಚೆಗೆ ಜೋರಾಗಿ ವಾಂತಿಭೇದಿ ಆಗಿತ್ತಾ? ಹಾಗಿದ್ದರೆ ಇದು ತಾತ್ಕಾಲಿಕ ಇರಬಹುದು, ಕೆಲವು ವಾರಗಳಲ್ಲಿ ಕರುಳು ಸರಿಹೋಗುತ್ತದೆ. ಆದರೆ ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ನೋವಿಗೆ ರಾತ್ರಿ ನಿದ್ದೆಯಿಂದ ಎದ್ದರೆ, ಜ್ವರ ಬಂದರೆ ಈ ಎರಡು ವಾರ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಹಸಿರು ವಾಂತಿಯಾದರೆ, ಹೊಟ್ಟೆಯ ಬಲಗಡೆ ಕೆಳಗೆ ಮುಟ್ಟಿದರೆ ನೋವಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.