ಪ್ರಿಂಟ್ ತೆಗೆದಾಗ ಅಕ್ಷರ ಯಾಕೆ ಬದಲಾಗುತ್ತದೆ? ಫಾಂಟ್‌ಗಳನ್ನು ಎಲ್ಲಿಡಬೇಕು?

ಎರಡು ವಿಷಯ ಕೇಳಿದ್ದೀರಿ. ಕಂಪ್ಯೂಟರಿನಲ್ಲಿ ಸಾವಿರಕ್ಕೂ ಜಾಸ್ತಿ ಫಾಂಟ್ ಸೇರಿಕೊಂಡಿವೆ, ಹೇಗೆ ಇಟ್ಟುಕೊಳ್ಳಲಿ ಅನ್ನುವುದು ಒಂದು. ಸ್ಕ್ರೀನ್ ಮೇಲೆ ಸರಿಯಾಗಿರುವ ಅಕ್ಷರ ಕಾಗದದ ಮೇಲೆ ಬೇರೆ ಥರ ಬರುತ್ತಿದೆ, ಪ್ರಿಂಟರಿಗೂ ಫಾಂಟ್ ಹಾಕಬೇಕಾ ಅನ್ನುವುದು ಇನ್ನೊಂದು. ಎರಡನೆಯದನ್ನೇ ಮೊದಲು ಹೇಳುತ್ತೇನೆ, ಅದರಲ್ಲಿ ನಾನೂ ಸಾಕಷ್ಟು ಒದ್ದಾಡಿದ್ದೇನೆ.

ಒಮ್ಮೆ ನಲವತ್ತು ಪುಟದ ಇಂಗ್ಲಿಷ್ ವರದಿಯೊಂದನ್ನು ಏರಿಯಲ್ ಅನ್ನುವ ಫಾಂಟಿನಲ್ಲಿ ಮಾಡಿದ್ದೆ. ಪ್ರಿಂಟ್ ತೆಗೆದೆ. ಸಾಲುಗಳೆಲ್ಲ ಇದ್ದಲ್ಲೇ ಇದ್ದವು, ಆದರೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಕಾಗದವನ್ನು ಸ್ಕ್ರೀನ್ ಪಕ್ಕ ಹಿಡಿದು ಒಂದೊಂದೇ ಅಕ್ಷರ ನೋಡಿದೆ. ಸ್ಕ್ರೀನಿನಲ್ಲಿ ದೊಡ್ಡ ‘ಆರ್’ ಅಕ್ಷರದ ಕಾಲು ಓರೆಯಾಗಿ ಚಾಚಿತ್ತು. ಕಾಗದದಲ್ಲಿ ಅದೇ ಕಾಲು ಬಾಗಿ ಕೆಳಕ್ಕೆ ಇಳಿದಿತ್ತು. ಸಣ್ಣ ‘ಟಿ’ ತಲೆ ಸ್ಕ್ರೀನಿನಲ್ಲಿ ಓರೆಯಾಗಿ ಕೊಯ್ದ ಹಾಗೆ, ಕಾಗದದಲ್ಲಿ ಸಪಾಟು. ಪ್ರಿಂಟಾಗಿದ್ದದ್ದು ಏರಿಯಲ್ ಅಲ್ಲ, ಅದನ್ನೇ ಹೋಲುವ ಹೆಲ್ವೆಟಿಕಾ!

ಹೀಗಾಗಲು ಕಾರಣ ಇದೆ. ಲೇಸರ್ ಪ್ರಿಂಟರ್‌ಗಳ ಒಳಗೇ ಕೆಲವು ಫಾಂಟ್ ಇರುತ್ತವೆ. 1985ರ ಆ್ಯಪಲ್ ಲೇಸರ್‌ರೈಟರ್‌ನಲ್ಲಿ ಟೈಮ್ಸ್, ಹೆಲ್ವೆಟಿಕಾ, ಕೊರಿಯರ್‌ಗಳ ನಾಲ್ಕು ನಾಲ್ಕು ರೂಪ, ಜೊತೆಗೆ ಸಿಂಬಲ್, ಒಟ್ಟು 13 ಇದ್ದವು. ಪ್ರಿಂಟರಿನ ಮೆಮೊರಿ ಕಡಿಮೆ, ಕೇಬಲ್ ನಿಧಾನ ಇದ್ದ ಕಾಲದಲ್ಲಿ ಪ್ರತಿ ಸಲ ಫಾಂಟ್ ಕಳಿಸುವುದು ಭಾರವಾಗುತ್ತಿತ್ತು. ಅದಕ್ಕೆ ಡ್ರೈವರ್, ಅಂದರೆ ಕಂಪ್ಯೂಟರಿನಿಂದ ಪ್ರಿಂಟರಿಗೆ ಪುಟ ಕಳಿಸುವ ಪ್ರೋಗ್ರಾಂ, ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ: ಏರಿಯಲ್ ಬಂದರೆ ಪ್ರಿಂಟರಿನ ಹೆಲ್ವೆಟಿಕಾ ಬಳಸು, ಟೈಮ್ಸ್ ನ್ಯೂ ರೋಮನ್ ಬಂದರೆ ಟೈಮ್ಸ್ ಬಳಸು ಅಂತ. ಏರಿಯಲ್ ಅಕ್ಷರಗಳ ಅಗಲ ಹೆಲ್ವೆಟಿಕಾದಷ್ಟೇ ಇರುವುದರಿಂದ ಸಾಲು ಜರುಗುವುದಿಲ್ಲ, ಹಾಗಾಗಿ ಬೇಗ ಗೊತ್ತೂ ಆಗುವುದಿಲ್ಲ.

ವಿಂಡೋಸ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು ಡಿವೈಸ್ ಸೆಟ್ಟಿಂಗ್ಸ್‌ಗೆ ಹೋಗಿ. ಫಾಂಟ್ ಸಬ್‌ಸ್ಟಿಟ್ಯೂಷನ್ ಟೇಬಲ್ ಕಂಡರೆ ಅದನ್ನು ತೆರೆಯಿರಿ, ಮೇಲೆ ಹೇಳಿದ ಪಟ್ಟಿ ಅದೇ. ನಿಮ್ಮ ಫಾಂಟಿನ ಸಾಲಿನಲ್ಲಿ ‘ಬದಲಿಸಬೇಡ’ ಅನ್ನುವ ಆಯ್ಕೆ ಇಟ್ಟುಬಿಡಿ. ನನಗೆ ಇಷ್ಟರಲ್ಲೇ ಸರಿಹೋಯಿತು.

ಸಾಲುಗಳೇ ಜರುಗಿ, ಕೊನೆಯ ಸಾಲು ಮುಂದಿನ ಪುಟಕ್ಕೆ ಹಾರುತ್ತಿದ್ದರೆ ಕಾಯಿಲೆ ಬೇರೆ. ಪ್ರಿಂಟ್ ಕೊಡುವ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟೇ ಇಲ್ಲ, ಬೇರೊಂದು ಬಂದು ಕೂತಿದೆ. ಪಿಡಿಎಫ್ ಮಾಡಿ ಕೊಡಿ. ಕೊಡುವ ಮೊದಲು ಆಕ್ರೊಬ್ಯಾಟ್ ರೀಡರಿನಲ್ಲಿ ಫೈಲಿನ ಪ್ರಾಪರ್ಟೀಸ್ ತೆರೆದು ಫಾಂಟ್ಸ್ ಪಟ್ಟಿ ನೋಡಿ. ಪ್ರತಿ ಹೆಸರಿನ ಮುಂದೆ ‘ಎಂಬೆಡೆಡ್’ ಅಂತ ಇರಬೇಕು, ಅಂದರೆ ಫಾಂಟ್ ಆ ಫೈಲಿನೊಳಗೇ ಸೇರಿದೆ ಅಂತ.

ಇನ್ನು ಪ್ರಿಂಟರಿಗೇ ಫಾಂಟ್ ಹಾಕಬೇಕಾ? ಸಾಮಾನ್ಯ ಕೆಲಸಕ್ಕೆ ಬೇಡ. ಬೇಕಾದ ಅಕ್ಷರಗಳನ್ನು ಡ್ರೈವರ್ ಪುಟದ ಜೊತೆಗೇ ಕಳಿಸುತ್ತದೆ. ನೀವಾಗಿ ಪ್ರಿಂಟರಿನ ರ‍್ಯಾಮ್‌ಗೆ ತುಂಬಿದ ಫಾಂಟ್ ಸ್ವಿಚ್ ಆಫ್ ಮಾಡಿದರೆ ಹೋಗುತ್ತದೆ. ದಿನವಿಡೀ ಒಂದೇ ಬಾರ್‌ಕೋಡ್ ಫಾಂಟಿನಲ್ಲಿ ಅಚ್ಚು ಹಾಕುವವರಿಗೆ, ಪ್ರಿಂಟರಿನಲ್ಲಿ ಫ್ಲ್ಯಾಶ್ ಮೆಮೊರಿಯೋ ಹಾರ್ಡ್ ಡಿಸ್ಕೋ ಇದ್ದರೆ ಮಾತ್ರ ಅದು ಲಾಭ.

ಕಂಪ್ಯೂಟರಿನ ವಿಷಯ. ಸಂಗ್ರಹ ಬೇರೆ, ಇನ್‌ಸ್ಟಾಲ್ ಬೇರೆ. ಸಾವಿರ ಫಾಂಟ್ ಇರಲಿ, ತಪ್ಪಿಲ್ಲ. ಆದರೆ ಅಷ್ಟನ್ನೂ ಇನ್‌ಸ್ಟಾಲ್ ಮಾಡಿದರೆ ಕೆಲವು ಪ್ರೋಗ್ರಾಂ ತೆರೆಯುವುದೇ ನಿಧಾನವಾಗುತ್ತದೆ, ಫಾಂಟ್ ಪಟ್ಟಿಯಲ್ಲಿ ಸುಮ್ನೆ ಹುಡುಕುತ್ತಾ ಕೂರಬೇಕು. ನಾನು ಡಾಕ್ಯುಮೆಂಟ್ಸ್ ಒಳಗೆ ಫಾಂಟ್‌ಗಳಿಗೇ ಒಂದು ಫೋಲ್ಡರ್ ಮಾಡಿದ್ದೇನೆ. ಒಂದೊಂದು ಫಾಂಟ್ ಕುಟುಂಬಕ್ಕೆ ಒಂದೊಂದು ಒಳ ಫೋಲ್ಡರ್, ಅದರಲ್ಲಿ ಟಿಟಿಎಫ್ ಅಥವಾ ಒಟಿಎಫ್ ಅನ್ನುವ ಫಾಂಟ್ ಫೈಲ್, ಪಕ್ಕದಲ್ಲೇ ಲೈಸೆನ್ಸ್ ಪತ್ರ. ಬಳಸುವಷ್ಟನ್ನು ಮಾತ್ರ ಅಲ್ಲಿಂದ ಇನ್‌ಸ್ಟಾಲ್ ಮಾಡುತ್ತೇನೆ. ಬ್ಯಾಕಪ್ ಮಾಡುವುದು ಈ ಫೋಲ್ಡರನ್ನೇ.

ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರನ್ನೇ ಕಾಪಿ ಮಾಡಿಕೊಂಡರೆ ಸಾಕಲ್ವಾ ಅಂತ ಅನ್ನಿಸಬಹುದು. ಸಾಲದು. 2018ರ ಕೊನೆಗೆ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ, ಬರೀ ‘ಇನ್‌ಸ್ಟಾಲ್’ ಒತ್ತಿದರೆ ಫೈಲ್ ಹೋಗಿ ಕೂರುವುದು ನಿಮ್ಮ ಸ್ವಂತ ಆ್ಯಪ್‌ಡೇಟಾ ಫೋಲ್ಡರಿನ ಒಳಗೆ. ‘ಎಲ್ಲ ಬಳಕೆದಾರರಿಗೆ’ ಅಂತ ಕೊಟ್ಟರೆ ಮಾತ್ರ ವಿಂಡೋಸ್ ಫೋಲ್ಡರಿಗೆ ಹೋಗುತ್ತದೆ. ಮ್ಯಾಕ್‌ನಲ್ಲೂ ಹೀಗೇ ಎರಡು ಜಾಗ ಇವೆ, ಅಲ್ಲಿ ಫಾಂಟ್ ಬುಕ್ ಅನ್ನುವ ಪ್ರೋಗ್ರಾಂ ಡೂಪ್ಲಿಕೇಟ್‌ಗಳನ್ನು ತೋರಿಸಿಕೊಡುತ್ತದೆ. ಲಿನಕ್ಸ್ ಆದರೆ ಫೈಲ್ ಹಾಕಿದ ಮೇಲೆ ಎಫ್‌ಸಿ-ಕ್ಯಾಶ್ (fc-cache) ಅನ್ನುವ ಕಮಾಂಡ್ ಓಡಿಸಿ.

ತೆಗೆದುಹಾಕುವಾಗ ಸಿಸ್ಟಂ ಜೊತೆ ಬಂದ ಫಾಂಟ್‌ಗಳನ್ನು ಮುಟ್ಟಬೇಡಿ, ಮೆನುಗಳೇ ಕೆಡಬಹುದು. ನಿಮ್ಮ ರಾಶಿಯಲ್ಲಿ ಪಿಎಫ್‌ಬಿ, ಪಿಎಫ್‌ಎಂ ಫೈಲ್‌ಗಳಿದ್ದರೆ ಅವು ಹಳೆಯ ಟೈಪ್ 1 ಫಾಂಟ್‌ಗಳು. ಅಡೋಬಿ ಕಂಪನಿ ಅವುಗಳ ಬೆಂಬಲವನ್ನು ಫೋಟೋಶಾಪ್‌ನಲ್ಲಿ 2021ರಲ್ಲೇ, ಇನ್‌ಡಿಸೈನ್ ಥರದವುಗಳಲ್ಲಿ ಜನವರಿ 2023ಕ್ಕೆ ನಿಲ್ಲಿಸಿತು. ಹಳೆಯ ಫೈಲ್ ತೆರೆಯಲು ಬೇಕಾದೀತು, ಬೇರೆ ಫೋಲ್ಡರಿನಲ್ಲಿ ಎತ್ತಿಡಿ.

ಆ ಸಬ್‌ಸ್ಟಿಟ್ಯೂಷನ್ ಟೇಬಲ್ ನಿಮ್ಮ ಡ್ರೈವರಿನಲ್ಲಿ ಕಾಣದಿದ್ದರೆ, ಯಾವ ಫಾಂಟು, ಯಾವ ಪ್ರಿಂಟರ್ ಅಂತ ಬರೆಯಿರಿ. ಮುಂದೆ ಏನು ನೋಡಬೇಕು ಅಂತ ಹೇಳುತ್ತೇನೆ.