ಅದು ಜ್ವರವಲ್ಲ, ಮೊದಲು ಮೈ ತಣ್ಣಗಾಗಲಿ

ಪತ್ರ: ಮದುವೆಗೆ ಹೋದಾಗ ತಂಗಿಯ ಎಂಟು ತಿಂಗಳ ಮಗುವನ್ನು, ನಿದ್ದೆ ಕೆಡಬಾರದೆಂದು ಕಾರಿನಲ್ಲೇ ಬಿಟ್ಟಿದ್ದೆವು. ಗಾಜು ಸ್ವಲ್ಪ ಇಳಿಸಿದ್ದೆವು. ಬಂದು ನೋಡಿದರೆ ಮೈ ಸುಡುತ್ತಿತ್ತು, ಎಬ್ಬಿಸಿದರೂ ಕಣ್ಣು ಬಿಡಲಿಲ್ಲ. ಜ್ವರವೆಂದು ಪ್ಯಾರಾಸಿಟಮಾಲ್ ಹನಿ ಹಾಕಿ, ಟವೆಲ್ ಸುತ್ತಿ ಆಸ್ಪತ್ರೆಗೆ ಓಡಿದೆವು. ಮಗು ಉಳಿಯಿತು. ನಾವು ಮಾಡಿದ್ದು ಸರಿಯೇ?
- ಓದುಗರೊಬ್ಬರು, ಕಲಬುರಗಿ

ಉತ್ತರ: ಮಗು ಉಳಿಯಿತು ಎಂದು ಓದಿ ನಮಗೂ ಜೀವ ಬಂದ ಹಾಗಾಯಿತು. ಆಸ್ಪತ್ರೆಗೆ ಓಡಿದ್ದು ಸರಿ. ಹನಿಯೂ ಟವೆಲ್ಲೂ ಬೇಡವಾಗಿತ್ತು.

ಜ್ವರದಲ್ಲಿ ಮಿದುಳೇ ಮೈಯ ಬಿಸಿ ಏರಿಸುತ್ತದೆ. ಪ್ಯಾರಾಸಿಟಮಾಲ್ ಅದನ್ನು ಇಳಿಸುತ್ತದೆ. ಇಲ್ಲಿ ಬಿಸಿ ಬಂದದ್ದು ಹೊರಗಿನಿಂದ. ಆ ಔಷಧ ಕೆಲಸ ಮಾಡುವುದಿಲ್ಲ, ಬಿಸಿಲಿಗೆ ಬಳಲಿದ ಲಿವರ್‌ಗೆ ಇನ್ನೂ ತೊಂದರೆ. ಅಲ್ಲದೆ, ಅರೆಪ್ರಜ್ಞೆಯಲ್ಲಿರುವ ಮಗುವಿನ ಬಾಯಿಗೆ ಏನು ಹಾಕಿದರೂ ಶ್ವಾಸನಾಳಕ್ಕೆ ಇಳಿಯಬಹುದು.

ಮೊದಲು ನೆರಳಿಗೆ ತನ್ನಿ, ಬಟ್ಟೆ ಪೂರ್ತಿ ಬಿಚ್ಚಿ. ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಮೈಮೇಲೆ ನೀರು ಹಾಕುತ್ತಾ ಜೋರಾಗಿ ಗಾಳಿ ಬೀಸಲಿ. ನಿಮ್ಮೂರಲ್ಲಿ ಮೇ ತಿಂಗಳ ಮಧ್ಯಾಹ್ನ ಟ್ಯಾಂಕಿನ ನಲ್ಲಿ ತಿರುಗಿಸಿದರೆ ಬರೋದು ಕಾದ ನೀರೇ ಅಲ್ವಾ? ಅದು ಬೇಡ. ಊಟದ ಹಾಲ್‌ನಲ್ಲಿ ಕುಡಿಯೋ ನೀರಿನ ಕ್ಯಾನ್ ಇರುತ್ತದೆ, ಅದನ್ನೇ ಸುರಿಯಿರಿ. ಸ್ಟ್ಯಾಂಡ್ ಫ್ಯಾನ್ ಮಗುವಿನ ಕಡೆ ತಿರುಗಿಸಿ. ಐಸ್ ಸಿಕ್ಕರೆ ತೆಳು ಬಟ್ಟೆಯಲ್ಲಿ ಸುತ್ತಿ ಕತ್ತು, ಕಂಕುಳು, ತೊಡೆಸಂದಿಗೆ ಇಡಿ. ಆಂಬುಲೆನ್ಸ್ ಬರುವವರೆಗೂ, ದಾರಿಯಲ್ಲೂ ಇದನ್ನು ನಿಲ್ಲಿಸಬೇಡಿ. ಬಿಸಿ ಎಷ್ಟು ಹೊತ್ತು ಉಳಿಯುತ್ತದೋ ಮಿದುಳಿಗೆ ಅಷ್ಟು ಪೆಟ್ಟು. ಉಸಿರಾಟ ನಿಂತಿದ್ದರೆ ಮಾತ್ರ ಎರಡೂ ಕೈಗಳಿಂದ ಎದೆಗೂಡನ್ನು ಬಳಸಿ ಹಿಡಿದು, ಎದೆಯ ನಡುವೆ ಎರಡು ಹೆಬ್ಬೆರಳಿನಿಂದ ಒತ್ತುತ್ತಾ ಬಾಯಿಂದ ಉಸಿರು ಕೊಡಬೇಕು, 30 ಸಲ ಒತ್ತಿದರೆ 2 ಉಸಿರು.

ಮಗು ಚೆನ್ನಾಗಿ ಎಚ್ಚರಾಗಿ ಅತ್ತರೆ ಎದೆಹಾಲು ಕೊಡಿ. ಆದರೂ ಆಸ್ಪತ್ರೆ ತಪ್ಪಿಸಬೇಡಿ. ಕಿಡ್ನಿ, ಲಿವರ್‌ನ ಏಟು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳಬಹುದು.

ಗಾಜು ಇಳಿಸಿದ್ದರಿಂದ ಹೆಚ್ಚೇನೂ ಆಗಿರಲಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ 10 ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತದೆ. ಮಗುವಿನ ಮೈ ದೊಡ್ಡವರಿಗಿಂತ 3ರಿಂದ 5 ಪಟ್ಟು ಬೇಗ ಕಾಯುತ್ತದೆ. ಇಟಲಿಯಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳ ಸೀಟಿಗೆ, ಮಗು ಒಳಗೇ ಉಳಿದರೆ ಕೂಗುವ ಸಾಧನ 2019ರಿಂದ ಕಡ್ಡಾಯ. ನಮ್ಮಲ್ಲೂ ಅದು ಬರಬೇಕು.

ಬೇರೆಯವರ ಕಾರಿನಲ್ಲಿ ಮಗು ಸಿಕ್ಕಿಕೊಂಡಿದ್ದು ಕಂಡರೆ, ಬಾಗಿಲು ತೆಗೆಯದಿದ್ದರೆ, ಮಾಲೀಕರನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಮಗುವಿನಿಂದ ದೂರದ ಪಕ್ಕದ ಗಾಜನ್ನು ಮೂಲೆಗೆ ಹೊಡೆದು ಒಡೆಯಿರಿ.