ಬೀನ್ಸ್ ತೊಟ್ಟಿಯಲ್ಲಿ ಕೂರಲೇಬೇಕಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಇಂಗ್ಲೆಂಡಿಗೆ ಬಂದು ಕೆಲಸಕ್ಕೆ ಸೇರಿದ ಹೊಸತರಲ್ಲೇ ಪಕ್ಕದ ಸೀಟಿನವರು ಬಂದು, "ಮುಂದಿನ ಶುಕ್ರವಾರ ಬಾತ್‌ಟಬ್ ತುಂಬ ಬೇಕ್ಡ್ ಬೀನ್ಸ್ (ಟೊಮೇಟೊ ಸಾಸಿನಲ್ಲಿ ಬೆಂದ ಡಬ್ಬದ ಕಾಳು) ಸುರಿದುಕೊಂಡು ಕೂರ್ತೀವಿ, ಚಾರಿಟಿಗೆ ನೀವೆಷ್ಟು ಕೊಡ್ತೀರಿ, ಜೊತೆಗೆ ಕೂರ್ತೀರಾ?" ಅಂದರೆ ಯಾರಿಗಾದರೂ ಗಾಬರಿ ಆಗುತ್ತೆ. ಒಳ್ಳೇ ಕೆಲಸಕ್ಕೆ ದುಡ್ಡು ಕೊಡೋದಾದರೆ ಸುಮ್ಮನೆ ಕೊಡಬಹುದಲ್ಲ, ಈ ಕೋತಿಚೇಷ್ಟೆ ಯಾಕೆ ಅಂತ ಕೇಳಿದ್ದೀರಿ. ಕೊಡದಿದ್ದರೆ ಏನಂದುಕೊಳ್ತಾರೋ ಅನ್ನೋ ಚಿಂತೆ ಬೇರೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. 5 ಪೌಂಡ್ ಕೊಡಿ, ಸಾಕು. ತುಂಬ ಹತ್ತಿರದವರಾದರೆ 10. ವರ್ಷವಿಡೀ ಯಾರಾದರೊಬ್ಬರು ಓಡ್ತಾ, ಈಜ್ತಾ, ತಲೆ ಬೋಳಿಸ್ತಾ ಇರ್ತಾರೆ, ಎಲ್ಲರಿಗೂ ಕೊಡೋಕೆ ಹೋದರೆ ನಿಮ್ಮ ಸಂಬಳ ಉಳಿಯಲ್ಲ. ಕೆಲವಕ್ಕೆ ಕೊಡದೆ ಬಿಟ್ಟರೂ ಯಾರೂ ಲೆಕ್ಕ ಇಡಲ್ಲ.

ಯಾರು ಎಷ್ಟು ಕೊಡ್ತಾರೆ ಅಂತ ಬರೆಯೋ ಸ್ಪಾನ್ಸರ್ ಫಾರಂನಲ್ಲಿ ಹೆಸರಿನ ಪಕ್ಕ ಒಂದು ಚಿಕ್ಕ ಚೌಕ ಇರುತ್ತೆ, ಗಿಫ್ಟ್ ಏಡ್ ಅಂತ. ಅದಕ್ಕೆ ಟಿಕ್ ಹಾಕಿದರೆ ನಿಮ್ಮ 10 ಪೌಂಡಿಗೆ ಸರ್ಕಾರ ಎರಡೂವರೆ ಪೌಂಡ್ ಸೇರಿಸಿ ಕೊಡುತ್ತೆ. ಸಂಬಳದಲ್ಲಿ ಟ್ಯಾಕ್ಸ್ ಕಡಿತ ಆಗ್ತಿದ್ದರೆ ಧಾರಾಳವಾಗಿ ಹಾಕಿ. ಆಫೀಸಿನ ವಿಳಾಸ ಬರೀಬೇಡಿ, ಮನೆಯದ್ದೇ ಬೇಕು. ಓದ್ತಾ ಇರೋ ನಿಮ್ಮ ತಮ್ಮ ಟ್ಯಾಕ್ಸ್ ಕಟ್ಟದಿದ್ದರೆ ಅವನು ಟಿಕ್ ಹಾಕಬಾರದು. ಹಾಕಿದರೆ ಸರ್ಕಾರ ಸೇರಿಸಿದ ಆ ದುಡ್ಡನ್ನ ಅವನಿಂದಲೇ ವಸೂಲಿ ಮಾಡಬಹುದು.

ಇನ್ನು ಯಾಕೆ ಅನ್ನೋದು. ಈ ಜನಕ್ಕೆ ಇನ್ನೊಬ್ಬರ ಹತ್ತಿರ ದುಡ್ಡು ಕೇಳೋದು ಅಂದರೆ ಪ್ರಾಣ ಹೋದಷ್ಟು ಸಂಕೋಚ. ತಮ್ಮ ಕಷ್ಟ ಹೇಳಿಕೊಳ್ಳೋದಂತೂ ಅದಕ್ಕಿಂತ ದೊಡ್ಡ ಸಂಕೋಚ. ನಮ್ಮ ಆಫೀಸಿನಲ್ಲೊಮ್ಮೆ ಅಕೌಂಟ್ಸಿನ ಹಿರಿಯರೊಬ್ಬರು, ಲಿಫ್ಟಿನಲ್ಲಿ ಸಿಕ್ಕರೆ ಗುಡ್ ಮಾರ್ನಿಂಗ್ ಬಿಟ್ಟು ಎರಡನೇ ಮಾತಾಡದ ಮನುಷ್ಯ, ಊಟದ ಹೊತ್ತಿಗೆ ಮೀಟಿಂಗ್ ರೂಮಿನಲ್ಲಿ ಪ್ಯಾಂಟು ಮಂಡಿವರೆಗೆ ಮಡಚಿ ಕೂತರು. ಎರಡೂ ಕಾಲಿಗೆ ವ್ಯಾಕ್ಸ್ ಪಟ್ಟಿ. ಒಂದು ಪಟ್ಟಿ ಕೀಳೋಕೆ 2 ಪೌಂಡ್. ಅವರ ಕೈಕೆಳಗಿನ ಹುಡುಗಿ ಹತ್ತರ ನೋಟು ಇಟ್ಟು ಸಾಲಾಗಿ ಐದು ಕಿತ್ತಳು. ಅವರು ಕಿರುಚಿದ್ದು ಕೆಳಗಿನ ಫ್ಲೋರಿಗೂ ಕೇಳಿ ಅಲ್ಲಿಂದಲೂ ಜನ ಪರ್ಸ್ ಹಿಡಿದು ಬಂದರು. ಆ ದುಡ್ಡೆಲ್ಲ ಅವರ ತಾಯಿ ಕೊನೆಯ ದಿನಗಳನ್ನ ಕಳೆದ ಹಾಸ್ಪೀಸಿಗೆ. ಅದನ್ನ ಅವರು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ, ಆನ್‌ಲೈನಿನಲ್ಲಿ ದೇಣಿಗೆ ಸೇರಿಸೋ ಜಸ್ಟ್‌ಗಿವಿಂಗ್ ಪೇಜಿನಲ್ಲಿ ಎರಡು ಸಾಲು ಬರೆದಿದ್ದರು ಅಷ್ಟೇ. ಹಾಗಾಗಿ ಕೊಡೋ ಮುಂಚೆ ಆ ಪೇಜ್ ಓದಿ. ಪಕ್ಕದ ಸೀಟಿನವರ ಬಗ್ಗೆ ವರ್ಷಗಟ್ಟಲೆ ಗೊತ್ತಾಗದ್ದು ಅಲ್ಲಿ ಸಿಗುತ್ತೆ.

ಇದಕ್ಕೆ ದೊಡ್ಡ ಮಟ್ಟದ ವ್ಯವಸ್ಥೆಯೂ ಇದೆ. ಇಥಿಯೋಪಿಯಾದ ಬರಗಾಲದ ಹೊತ್ತಿಗೆ, 1985ರಲ್ಲಿ, ಹಾಸ್ಯ ಬರಹಗಾರ ರಿಚರ್ಡ್ ಕರ್ಟಿಸ್ ಮತ್ತು ಹಾಸ್ಯನಟ ಲೆನ್ನಿ ಹೆನ್ರಿ ಕಾಮಿಕ್ ರಿಲೀಫ್ ಅನ್ನೋ ಚಾರಿಟಿ ಶುರು ಮಾಡಿದರು. 1988ರ ಫೆಬ್ರವರಿಯಲ್ಲಿ ಮೊದಲ ರೆಡ್ ನೋಸ್ ಡೇ. ದೇಶಕ್ಕೆ ದೇಶವೇ ಕೆಂಪು ಮೂಗು ಸಿಕ್ಕಿಸಿಕೊಂಡು 1.5 ಕೋಟಿ ಪೌಂಡಿಗೂ ಹೆಚ್ಚು ಸೇರಿಸಿತು. ಈಗ ಸಾಮಾನ್ಯವಾಗಿ ಮಾರ್ಚಿನಲ್ಲಿ ಬರುತ್ತೆ. ನವೆಂಬರಿನಲ್ಲಿ ಮಕ್ಕಳಿಗಾಗಿ ಹಣ ಸೇರಿಸೋ ಬಿಬಿಸಿಯ ಚಿಲ್ಡ್ರನ್ ಇನ್ ನೀಡ್, ಅದರ ಗುರುತು ಕಣ್ಣಿಗೆ ಬ್ಯಾಂಡೇಜ್ ಕಟ್ಟಿದ ಹಳದಿ ಕರಡಿ. ಮಗು ಸ್ಕೂಲಿಗೆ ಸೇರಿದ ಮೇಲೆ "ನಾಳೆ ಯೂನಿಫಾರ್ಮ್ ಬೇಡ, 1 ಪೌಂಡ್ ಕಳಿಸಿ" ಅಂತ ಹಿಂದಿನ ರಾತ್ರಿ ಮೆಸೇಜ್ ಬರೋದು ಇವುಗಳಿಗೇ. ಚಿಲ್ಲರೆ ಇಟ್ಟುಕೊಂಡಿರಿ.

ಲಂಡನ್ ಮ್ಯಾರಥಾನ್ ನೋಡೋಕೆ ಒಮ್ಮೆ ಹೋಗಿ. ಘೇಂಡಾಮೃಗದ ವೇಷ ಹೊತ್ತು ಓಡೋರು ಸಿಗ್ತಾರೆ. 2002ರಲ್ಲಿ ಲಾಯ್ಡ್ ಸ್ಕಾಟ್ ಅನ್ನೋರು ಹಳೇ ಕಾಲದ ಮುಳುಗುಗಾರರ ಸೂಟು, ತಾಮ್ರದ ಹೆಲ್ಮೆಟ್ ಸಮೇತ ಹಾಕಿಕೊಂಡು ಇದೇ ಮ್ಯಾರಥಾನನ್ನ ಐದು ದಿನಕ್ಕೂ ಹೆಚ್ಚು ಹೊತ್ತು ನಡೆದು ಮುಗಿಸಿದರು. ಅವರೇ ರಕ್ತದ ಕ್ಯಾನ್ಸರಿನಿಂದ ಬದುಕಿ ಬಂದವರು. ನಮಗೂ ಇದು ತೀರಾ ಹೊಸದೇನಲ್ಲ. ಉಡುಪಿಯ ವಿಟ್ಲಪಿಂಡಿಗೆ ರವಿ ಕಟಪಾಡಿಯವರು ಭಯಂಕರ ವೇಷ ಹಾಕಿ, ಬಂದ ಹಣವನ್ನ ಮಕ್ಕಳ ಚಿಕಿತ್ಸೆಗೆ ಕೊಡೋದು ನಿಮಗೂ ಗೊತ್ತಿರುತ್ತೆ. ಅಲ್ಲಿ ವೇಷ ಕಟ್ಟೋರು ಕೆಲವರೇ, ಇಲ್ಲಿ ಯಾರು ಬೇಕಾದರೂ ಕಟ್ತಾರೆ.

ಎಲ್ಲಕ್ಕೂ ನಾನು ಮರುಳಾಗ್ತೀನಿ ಅಂತಲ್ಲ. ವಿಮಾನದಿಂದ ಹಾರ್ತೀನಿ, ಸ್ಪಾನ್ಸರ್ ಮಾಡಿ ಅನ್ನೋರಿಗೆ ನಾನು ಮೊದಲು ಕೇಳೋದು ಹಾರೋ ಖರ್ಚು ಯಾರದ್ದು ಅಂತ. ಇಷ್ಟು ಸಂಗ್ರಹಿಸಿದರೆ ಜಿಗಿತ ಉಚಿತ ಅನ್ನೋ ಸಂಸ್ಥೆಗಳಿವೆ, ಅಂದರೆ ನಾವು ಕೊಟ್ಟ ದುಡ್ಡಲ್ಲೇ ಅವರ ಮೋಜು. ಸ್ವಂತ ದುಡ್ಡಲ್ಲಿ ಹಾರಿದರೆ ಖುಷಿಯಾಗಿ ಕೊಡ್ತೀನಿ. ಹೆಸರು ಕೇಳಿರದ ಸಂಸ್ಥೆಯಾದರೆ ಚಾರಿಟಿ ಕಮಿಷನ್ ವೆಬ್‌ಸೈಟಿನಲ್ಲಿ ಅದರ ನೋಂದಣಿ ಸಂಖ್ಯೆ ಹುಡುಕಿ, ಲೆಕ್ಕಪತ್ರವೂ ಅಲ್ಲೇ ಸಿಗುತ್ತೆ.

ಕೂರಬೇಕಾ ಅಂದರೆ, ಮನಸ್ಸಿಲ್ಲದಿದ್ದರೆ ನಗ್ತಾ ನಗ್ತಾ ಬೇಡ ಅನ್ನಿ, ನೆಪ ಹುಡುಕಬೇಡಿ. ಬಕೆಟ್ ಹಿಡಿದು ದುಡ್ಡು ಸೇರಿಸೋಕೆ, ಫೋಟೋ ತೆಗೆಯೋಕೆ ಜನ ಬೇಕೇ ಬೇಕು, ಆ ಕೆಲಸ ಕೇಳಿ ತಗೊಳ್ಳಿ. ಆಫೀಸಿನೊಳಗೆ ಬಕೆಟ್ ಹಿಡಿಯೋಕೆ ತೊಂದರೆಯಿಲ್ಲ, ರಸ್ತೆಗಿಳಿದು ಹಿಡಿಯೋಕೆ ಸಾಮಾನ್ಯವಾಗಿ ಸ್ಥಳೀಯ ಕೌನ್ಸಿಲ್ ಅನುಮತಿ ಬೇಕು. ಧೈರ್ಯ ಮಾಡಿ ಕೂತರೆ ಮಾತ್ರ ಒಂದೇ ದಿನದಲ್ಲಿ ಇಡೀ ಆಫೀಸಿಗೆ ನಿಮ್ಮ ಹೆಸರು ಗೊತ್ತಾಗಿರುತ್ತೆ, ಉಚ್ಚಾರ ಹೇಗಾದರೂ ಇರಲಿ. ಎಸೆಯೋಕೆ ತಯಾರಿರೋ ಹಳೇ ಬಟ್ಟೆ ಹಾಕಿಕೊಳ್ಳಿ, ಟೊಮೇಟೊ ಸಾಸಿನ ಕಲೆ ಹೋಗಲ್ಲ. ಬೀನ್ಸ್ ಡಬ್ಬದಿಂದ ನೇರ ಸುರಿಯೋದರಿಂದ ತಣ್ಣಗೆ ಕೊರೆಯುತ್ತೆ. ಎರಡು ಟವೆಲ್ ಇರಲಿ, ಆಫೀಸಿನಲ್ಲಿ ಶವರ್ ಇದೆಯಾ ಅಂತ ಗುರುವಾರವೇ ಕೇಳಿಕೊಳ್ಳಿ.